ಬಾವಲಿ ಒಳಗೆ, ಬುಲಬುಲಿ ಹೊರಗೆ

ಆಗ ನನಗೆ ಒಂಬತ್ತು ವರ್ಷ. ಅದಾಗಿ ಅರವತ್ತು ವರ್ಷ ದಾಟಿತು. ಆ ಕಾಲ ಬಂಗಾರದ ಕಾಲ ಎನ್ನುವವಳು ನಾನಲ್ಲ. ಕಾಲಿಗೆ ಚಪ್ಪಲಿ ಇರಲಿಲ್ಲ, ತಲೆಗೆ ಎಣ್ಣೆ ಇರಲಿಲ್ಲ, ಹೇನಿಗೆ ಮಾತ್ರ ಬರ ಇರಲಿಲ್ಲ. ಆದರೆ ಆ ಬೇಸಿಗೆಯಲ್ಲಿ ನಕ್ಕಷ್ಟು ನಾನು ಮುಂದೆ ಯಾವ ಬೇಸಿಗೆಯಲ್ಲೂ ನಗಲಿಲ್ಲ. ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಇಂಥದೊಂದು ಬೇಸಿಗೆ ಇದ್ದೇ ಇರುತ್ತದೆ. ನನ್ನದು ಇದು.

ನಮ್ಮೂರು ಪಾಮನಕಲ್ಲೂರು. ಎರೆಹೊಲದ ಊರು. ಮಳೆ ಬಂದರೆ ಜೋಳ, ಬರದಿದ್ದರೆ ಬರೀ ಮಾತು. ಆ ಬೇಸಿಗೆಗೆ ನನ್ನ ಅತ್ತೆ ಶರಣಮ್ಮ, ಅಂದರೆ ನಮ್ಮಪ್ಪನ ತಂಗಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಸಿಂಧನೂರಿನ ಆಚೆ ದಢೇಸುಗೂರಿಗೆ. ಜೊತೆಗೆ ಮಗಳು ಹುಲಿಗೆಮ್ಮನೂ ಬಂದಿದ್ದಳು. ಅವಳನ್ನು ಹುಲ್ಗಿ ಎನ್ನುತ್ತಿದ್ದೆವು. ಅಮರಮ್ಮ ಎನ್ನುವ ನನ್ನನ್ನು ಅಮ್ರಿ ಎನ್ನುತ್ತಿದ್ದರು. ಹುಲ್ಗಿ ನನಗಿಂತ ಒಂದು ವರ್ಷ ದೊಡ್ಡವಳು. ಜಂಬದಲ್ಲಿ ನನ್ನ ಅವ್ವನಿಗಿಂತ ದೊಡ್ಡವಳು.

ಅವಳ ಊರಿಗೆ ಕಾಲುವೆ ಬಂದಿತ್ತು. ಅವರು ನೆಲ್ಲು ಬೆಳೆದು ದಿನಾ ಅನ್ನ ಉಣ್ಣುತ್ತಿದ್ದರು. ನಮ್ಮ ಮನೆಯಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದಾಗ. ಬಂದ ದಿನವೇ ಹುಲ್ಗಿ ತಾಟು ನೋಡಿ ಮೂಗು ಮುರಿದಳು.

"ದಿನಾ ರೊಟ್ಟಿನ ತಿಂತೀರೇನಲೇ ನೀವು?"

"ದಿನಾ ಅನ್ನ ಉಣ್ತೀರೇನು ನೀವು? ದಿನಾ ಜ್ವರ ಬರ್ತಾವೇನ ನಿಮಗ?" ಎಂದೆ.

ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಒಲೆಯ ಮುಂದೆ ಕುಳಿತೇ ಹೇಳಿದಳು: "ಬಂದ ದಿನಾನ ಎಲ್ಲಾ ಕಚ್ಚಾಡಿ ಮುಗಿಸಬ್ಯಾಡ್ರಿ. ನಾಳಿಗಿ ಒಂದೀಟು ಉಳಸ್ರಿ."

ನಾಳೆಗೂ ಉಳಿಯಿತು, ನಾಡಿದ್ದಿಗೂ ಉಳಿಯಿತು.

ಅತ್ತೆಗೆ ಗಂಡು ಕೂಸು ಹುಟ್ಟಿತು. ಮನೆ ತುಂಬ ಲೋಬಾನದ ಹೊಗೆ, ಬೆಳ್ಳುಳ್ಳಿ ಹುರಿದ ವಾಸನೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ವಾಸನೆ. ಆ ಉಂಡಿಗಳನ್ನು ಹುಲ್ಗಿ ಕದಿಯುತ್ತಿದ್ದಳು, ನಾನು ಬಾಗಿಲು ಕಾಯುತ್ತಿದ್ದೆ. ಆ ಒಂದು ಕೆಲಸದಲ್ಲಿ ಮಾತ್ರ ನಮ್ಮಿಬ್ಬರಿಗೆ ಜಗಳ ಇರಲಿಲ್ಲ.

ಆದರೆ ಕೂಸಿನ ವಿಷಯದಲ್ಲಿ ಆಯಿ ಹುಲಿಯಾಗಿದ್ದಳು. ಹುಲ್ಗಿಯ ಬೆನ್ನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಎರಡಕ್ಕೂ ಹಕ್ಕಿಯ ನೆರಳು ಬಿದ್ದಿತ್ತು ಎಂದು ಆಯಿ ನಂಬಿದ್ದಳು. ನಮ್ಮ ಕಡೆ ಹಾಗೊಂದು ನಂಬಿಕೆ. ಹಸುಗೂಸಿನ ಮೇಲೆ, ಇಲ್ಲವೇ ದೀಪ ಹಚ್ಚಿದ ಮೇಲೂ ಹೊರಗೆ ಬಿಟ್ಟ ಅದರ ಅರಿವೆಯ ಮೇಲೆ, ಹಕ್ಕಿ ಹಾರಿ ನೆರಳು ಬಿದ್ದರೆ ಕೂಸು ಮೊಲೆ ಬಿಡುತ್ತದೆ, ಕೈಕಾಲು ಕಡ್ಡಿಯಾಗುತ್ತವೆ. ಹೀಗಾಗಿ ಒಂದು ಗುಬ್ಬಿ ಕೂಡ ಒಳಗೆ ಬರುವಂತಿರಲಿಲ್ಲ. ಗುಬ್ಬಿ ಓಡಿಸುವ ಕೆಲಸ ನಮ್ಮಿಬ್ಬರದು. ತಲೆಗೊಂದು ಕಸಬರಿಗೆ ಹಿಡಿದು ಮನೆ ತುಂಬ ಕುಣಿಯುತ್ತಿದ್ದೆವು. ಗುಬ್ಬಿಗಿಂತ ನಮ್ಮ ಗದ್ದಲಕ್ಕೇ ಕೂಸು ಅಳುತ್ತಿತ್ತು.

ಒಂದು ಸಂಜೆ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ಆಲಿಕಲ್ಲು, ಆಮೇಲೆ ಮಳೆ. ಬೆಳಿಗ್ಗೆ ಎದ್ದು ನಾವಿಬ್ಬರೂ ಹಿತ್ತಲಿಗೆ ಓಡಿದೆವು. ಹಿತ್ತಲಿನಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಬಾರಿ ಎನ್ನುವ ಬೋರೆಹಣ್ಣಿನ ಮುಳ್ಳುಕಂಟಿ, ಅದರ ಆಚೆ ದೊಡ್ಡ ಹುಣಸೆ ಮರ. ಹುಣಸೆ ಮರ ಬಾವಲಿಗಳದು. ಹಗಲೆಲ್ಲ ಒಣಗಲು ಹಾಕಿದ ಕರಿ ಅರಿವೆಗಳ ಹಾಗೆ ಜೋತುಬಿದ್ದಿರುತ್ತಿದ್ದವು. ಹೊತ್ತು ಮುಳುಗಿತೆಂದರೆ ಮಸ್ಕಿ ಸಂತೆಯ ಗದ್ದಲ. ಬಾರಿಕಂಟಿ ಬುಲಬುಲಿಗಳದು. ಪುಸ್ತಕದಲ್ಲಿ ಅದಕ್ಕೆ ಪಿಕಳಾರ ಎನ್ನುತ್ತಾರಂತೆ. ತಲೆಯ ಮೇಲೆ ಕರಿ ಜುಟ್ಟು, ಹಿಂದೆ ಕೆಂಪು ಕುಂಡಿ. ಬೆಳಿಗ್ಗೆ ಅದು ಕೂಗಿದರೆ ಆಯಿ ಕೂಡ ಬೀಸುವ ಕಲ್ಲು ನಿಲ್ಲಿಸಿ ಕೇಳುತ್ತಿದ್ದಳು.

ಕೆಸರಿನಲ್ಲಿ ಎರಡು ಮರಿ ಬಿದ್ದಿದ್ದವು. ಒಂದು ಬುಲಬುಲಿಯದು, ಬಾಲ ಇನ್ನೂ ಮೋಟು. ಇನ್ನೊಂದು ಬಾವಲಿಯದು. ನಾನು ಚೆಂದದ್ದನ್ನು ಎತ್ತಿಕೊಂಡೆ.

"ಇದು ನಂದು. ಅದನ್ನ ನೀ ತಗೋ."

ಹುಲ್ಗಿ ಬಗ್ಗಿ ನೋಡಿದಳು. "ಇದೇನಲೇ, ಇಲಿಗೆ ಛತ್ರಿ ಹೊಲದಂಗ ಐತಿ?"

"ಎಲ್ಲಾದ್ರಾಗೂ ದೊಡ್ಡದು ಬೇಕಂತಿದ್ದೆಲ್ಲ. ತಗೋ, ದೊಡ್ಡದು ಅದ."

ಬೇಡ ಎಂದರೆ ಸೋತಂತೆ. ಅವಳು ಹೆದರುತ್ತಲೇ ಕೈ ಹಾಕಿದಳು. ಮರಿ ಅವಳ ಪರಕಾರಕ್ಕೆ, ಅಂದರೆ ಲಂಗಕ್ಕೆ, ಉಗುರು ಸಿಕ್ಕಿಸಿ ಹೊಟ್ಟೆಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಕಿರುಚುತ್ತಿತ್ತು. ಅಲ್ಲಿಗೆ ಅದು ಅವಳದಾಯಿತು. ಈಗ ಬಾವಲಿ ಮುಟ್ಟಬಾರದು, ರೋಗ ಬರುತ್ತದೆ ಎನ್ನುತ್ತಾರೆ. ಹೇಳುವವರು ಸರಿಯಾಗಿಯೇ ಹೇಳುತ್ತಾರೆ, ಮುಟ್ಟಬೇಡಿ. ನಮಗೆ ಆಗ ಹೇಳುವವರು ಯಾರೂ ಇರಲಿಲ್ಲ.

ಎರಡನ್ನೂ ದನದ ಮನೆಯಲ್ಲಿ ಬಚ್ಚಿಟ್ಟೆವು. ಎಮ್ಮೆ ಒಂದು ಸಲ ಮೂಸಿ ನೋಡಿ ಸುಮ್ಮನಾಯಿತು.

ಇನ್ನು ಊಟ. ನನ್ನದು ಚೆಂದದ ಮರಿ, ಅದಕ್ಕೆ ಒಳ್ಳೆಯದನ್ನೇ ಕೊಡಬೇಕು. ಒಳ್ಳೆಯದೆಂದರೆ ಹಾಲು. ಆಡಿನಿಂದ ಒದೆಸಿಕೊಂಡು ಒಂದು ಬಟ್ಟಲು ಹಾಲು ಕರೆದೆ. ಹಳೇ ಅರಿವೆಯ ಬತ್ತಿ ಮಾಡಿ ಅದ್ದಿ ಅದ್ದಿ ಬುಲಬುಲಿಯ ಬಾಯಿಗೆ ಹಿಂಡಿದೆ. ಅದು ಬಾಯೇನೋ ಅಗಲಕ್ಕೆ ತೆರೆಯುತ್ತಿತ್ತು. ಹಾಲು ಬಿದ್ದ ಕೂಡಲೇ ತಲೆ ಕೊಡವಿ ನನ್ನ ಮುಖಕ್ಕೇ ಉಗುಳುತ್ತಿತ್ತು.

ಹುಲ್ಗಿಯ ಲೆಕ್ಕ ಬೇರೆ. "ರೆಕ್ಕಿ ಅದಾವಲ್ಲ? ರೆಕ್ಕಿ ಇದ್ದದ್ದು ಹುಳಾ ತಿಂತೈತಿ" ಎಂದು ಮಿಡತೆ ಹಿಡಿದು ತಂದಳು. ಕಾಲು ಮುರಿದು ಬಾವಲಿಯ ಮೂಗಿನ ಮುಂದೆ ಹಿಡಿದಳು. ಅದು ಮುಖ ತಿರುಗಿಸಿತು. ಈ ಕಡೆ ಹಿಡಿದರೆ ಆ ಕಡೆ, ಆ ಕಡೆ ಹಿಡಿದರೆ ಈ ಕಡೆ.

"ರೊಟ್ಟಿ ನೋಡಿ ನೀ ಹಿಂಗ ಮಾರಿ ತಿರುವಿದ್ದಿ" ಎಂದೆ.

"ಸುಮ್ಮನಿರಲೇ. ಇದಕ್ಕ ನಿದ್ದಿ ಬಂದೈತಿ."

ನಿದ್ದೆಗೆಂದು ಎರಡು ಗೂಟದ ನಡುವೆ ಆಯಿಯ ಹಳೇ ಸೀರೆ ಕಟ್ಟಿ ತೊಟ್ಟಿಲು ಮಾಡಿದಳು. ಒಳಗಿನ ಕೂಸಿಗೇ ಇನ್ನೂ ತೊಟ್ಟಿಲು ಹಾಕಿರಲಿಲ್ಲ, ಬಾವಲಿಗೆ ಆಯಿತು. ಅಂಗಾತ ಮಲಗಿಸಿ, ರೆಕ್ಕೆ ಮಡಿಸಿ, ಹಣೆಗೆ ವಿಭೂತಿ ಹಚ್ಚಿ ತೂಗಿದಳು. ಮರಿ ಮಗುಚಿ, ತೆವಳಿ, ಸೀರೆಯ ಅಂಚು ಹಿಡಿದು ತಲೆ ಕೆಳಗೆ ಮಾಡಿ ಜೋತುಬಿತ್ತು. ಅವಳು ಮತ್ತೆ ಅಂಗಾತ ಮಾಡಿದಳು. ಅದು ಮತ್ತೆ ತಲೆಕೆಳಗಾಯಿತು. ಮಕ್ಕಳು ಹೀಗೆ ಮಲಗಬಾರದು ಎಂದು ಅದಕ್ಕೆ ಒಂದು ಪೆಟ್ಟನ್ನೂ ಕೊಟ್ಟಳು. ನಾನು ನಕ್ಕು ನಕ್ಕು ಗೋದಲಿಯೊಳಗೆ ಬಿದ್ದೆ.

ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಬುಲಬುಲಿ ಕೊಕ್ಕಿನ ಸುತ್ತ ಹಾಲು ಒಣಗಿಸಿಕೊಂಡು ಕಣ್ಣು ಮುಚ್ಚಿ ಕುಳಿತಿತ್ತು. ಬಾವಲಿ ಕಿರುಚುವುದನ್ನೂ ಬಿಟ್ಟಿತ್ತು. ಎರಡೂ ಸಾಯುತ್ತವೆ ಎಂದು ನಮಗೆ ಗೊತ್ತಾಯಿತು, ಆದರೆ ಒಬ್ಬರಿಗೊಬ್ಬರು ಹೇಳಲಿಲ್ಲ.

ಆಗ ಆಯಿ ಬಾಣಂತಿಯ ನೀರು ಕಾಯಿಸಲು ಸಗಣಿಯ ಕುಳ್ಳು ಒಯ್ಯಲು ಬಂದಳು. ತೊಟ್ಟಿಲು ನೋಡಿದಳು. ಅದರೊಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನ ಕೈಯೊಳಗಿನದನ್ನು ನೋಡಿದಳು.

"ಕೂಸಿದ್ದ ಮನ್ಯಾಗ ಹಕ್ಕಿ ತಂದೀರಿ? ಎರಡು ಕೂಸು ಮಣ್ಣಿಗಿ ಇಟ್ಟು ಬಂದೀನಿ ನಾ. ಗೊತ್ತೈತಿಲ್ಲ ನಿಮಗ? ನಡ್ರಿ, ಎರಡನ್ನೂ ತಿಪ್ಪಿಗಿ ಒಗದು ಬರ್ರಿ."

ಆಯಿ ಕೂಗಲಿಲ್ಲ. ಮೆಲ್ಲಗೆ ಹೇಳಿದಳು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ನಾನು ಬುಲಬುಲಿಯನ್ನು ಎದೆಗೆ ಒತ್ತಿ ಹಿಡಿದೆ. ಅದರ ಎದೆ ನನ್ನದಕ್ಕಿಂತ ಜೋರಾಗಿ ಬಡಿಯುತ್ತಿತ್ತು.

ಬಾಯಿ ಬಿಟ್ಟವಳು ಹುಲ್ಗಿ. "ಆಯಿ, ಇದು ಹಕ್ಕಿ ಅಲ್ಲಬೇ."

"ಹಾರತೈತಿಲ್ಲ?"

"ಒಣಗಾಕ ಹಾಕಿದ ಸೀರಿನೂ ಗಾಳ್ಯಾಗ ಹಾರತೈತಿ. ಸೀರಿ ಹಕ್ಕೇನು?"

ಆಯಿ ನಿಂತಳು. ಓಣಿಯ ಹೆಂಗಸರ ಜಗಳವನ್ನೆಲ್ಲ ಬಿಡಿಸುತ್ತಿದ್ದವಳು ಅವಳೇ. ನ್ಯಾಯವಾದ ಮಾತು ಎದುರಿಗೆ ಬಂದರೆ, ಅದು ಮೊಮ್ಮಗಳದಾದರೂ, ದಾಟಿ ಹೋಗಲು ಅವಳಿಗೆ ಆಗುತ್ತಿರಲಿಲ್ಲ. ಬೆಳಕಿಗೆ ತನ್ನಿ ಎಂದಳು.

ಹೊಸ್ತಿಲ ಹೊರಗೆ, ಬಾಣಂತಿ ಕೋಣೆಯ ಬಾಗಿಲಿಗೆ ಎದುರಾಗಿ, ಮೊರ ಇಟ್ಟು ಅದರಲ್ಲಿ ಎರಡೂ ಮರಿಗಳನ್ನು ಇಡಿಸಿದಳು. ನನ್ನ ಹಾಲಿನ ಬಟ್ಟಲು, ಬತ್ತಿ ಎಲ್ಲವೂ ಮೊರಕ್ಕೇ ಬಂದವು. ಒಳಗೆ ಅತ್ತೆ ಕೂಸಿಗೆ ಹಾಲು ಕುಡಿಸುತ್ತ ಕುಳಿತಿದ್ದಳು. "ಏನ ನಡಸೀರಿ ಅಲ್ಲಿ?" ಎಂದು ಕತ್ತು ಚಾಚಿದಳು.

"ನಿನ್ನ ಕೂಸಿನ ಸಲುವಾಗಿ ಪಂಚಾಯ್ತಿ ನಡಸೀನಿ. ನೀನೂ ನೋಡು" ಎಂದಳು ಆಯಿ.

ಎತ್ತು ಕೊಳ್ಳುವವರ ಹಾಗೆ ಮೊದಲು ಹಲ್ಲು ನೋಡಿದಳು. ಬಾವಲಿಯ ತುಟಿ ಎತ್ತಿ, "ಇದಕ್ಕ ಹಲ್ಲ ಅದಾವ. ಹಲ್ಲಿರೋ ಹಕ್ಕಿ ನಾ ಹುಟ್ಟಿ ನೋಡಿಲ್ಲ" ಎಂದಳು. ಬುಲಬುಲಿಗೆ ಕೊಕ್ಕು. ಬಾವಲಿಗೆ ನಾಯಿಮರಿಯ ಹಾಗೆ ಕಿವಿ. ಬುಲಬುಲಿಯ ಗರಿ ಸರಿಸಿ ನೋಡಿದರೆ ಕಿವಿ ಇದ್ದಲ್ಲಿ ಬರೀ ತೂತು. ಒಂದಕ್ಕೆ ಗರಿ, ಒಂದಕ್ಕೆ ಕೂದಲು. ಬುಲಬುಲಿ ಮೊರದ ಅಂಚು ಹಿಡಿದು ನೆಟ್ಟಗೆ ಕುಳಿತಿತ್ತು. ಬಾವಲಿ ಅದೇ ಅಂಚಿನಿಂದ ಜೋಲಲು ನೋಡುತ್ತಿತ್ತು. ಆಯಿ ಅದರ ರೆಕ್ಕೆ ಬಿಡಿಸಿ ಹಿಡಿದು ಬೆರಳು ಎಣಿಸಿದಳು.

"ಬೆಳ್ಳ ನೋಡ್ರಿ. ನಮ್ಮಂಗ ಐದು ಬೆಳ್ಳ. ನಡುವ ಅರಿವಿ ಹೊಲದಾನ ಶಿವ."

"ತತ್ತಿ ಇಡತೈತೇನು ಅದು?" ಎಂದು ಅತ್ತೆ ಒಳಗಿನಿಂದ ಕೇಳಿದಳು.

ಆಯಿಗೆ ಅದು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾವಲಿ ಮರಿ ಮೊರದ ತುಂಬ ತೆವಳಿ, ನನ್ನ ಹಾಲಿನ ಬತ್ತಿಗೆ ಬಾಯಿ ಹಚ್ಚಿತು. ಹಚ್ಚಿದ್ದೇ ಬಿಡಲಿಲ್ಲ. ಕಣ್ಣು ಮುಚ್ಚಿ ಚುಪ್ ಚುಪ್ ಎಂದು ಚೀಪತೊಡಗಿತು. ಒಳಗೆ ಕೂಸೂ ಅದೇ ಸಪ್ಪಳ ಮಾಡುತ್ತಿತ್ತು.

"ಯವ್ವಾ," ಎಂದಳು ಅತ್ತೆ, ನಗು ತಡೆಯಲಾಗದೆ. "ಎರಡೂ ಒಂದ ಸಪ್ಪಳ ಮಾಡಾಕತ್ತಾವ ಕೇಳು."

ಆಯಿ ಕೇಳಿದಳು. ಒಳಗೊಮ್ಮೆ, ಹೊರಗೊಮ್ಮೆ ನೋಡಿದಳು. ಆಮೇಲೆ ನ್ಯಾಯ ಹೇಳಿದಳು.

"ಮಲಿ ಉಣ್ಣೋದು ಹಕ್ಕಿ ಅಲ್ಲ. ಇದರಿಂದ ನೆಳ್ಳಿನ ಅಂಜಿಕಿ ಇಲ್ಲ, ದನದ ಮನ್ಯಾಗ ಇರ್ಲಿ. ಅದು ಹಕ್ಕಿ. ಅದು ಹೊರಗ."

ಎಲ್ಲರಿಗೂ ಬೇಕಾದದ್ದು ಹೊರಗೆ, ಯಾರಿಗೂ ಬೇಡವಾದದ್ದು ಒಳಗೆ. ನನಗೆ ಕಣ್ಣಲ್ಲಿ ನೀರು ಬಂತು.

"ಆಯಿ, ನಂದು ಹಾಡತೈತಿ."

"ಹಾಡ್ಲಿ. ಗಿಡದಾಗ ಕುಂತು ಹಾಡ್ಲಿ."

"ನಂದು ಚೆಂದ ಐತಿ."

"ಚೆಂದಿದ್ದದ್ದರ ನೆಳ್ಳು ಬೀಳೂದಿಲ್ಲೇನು?"

"ಬೆಕ್ಕು ತಿಂತೈತಿ ಆಯಿ. ಅದಕ್ಕ ಹಾರಾಕ ಬರೂದಿಲ್ಲ."

ಆಯಿ ಆ ಮರಿಯನ್ನು ಒಂದು ಗಳಿಗೆ ನೋಡಿದಳು. "ಬೆಕ್ಕಿನ ಬಾಯಿಗಿ ಕೊಡು ಅಂತ ನಾ ಅಂದಿಲ್ಲ. ದೀಪ ಹಚ್ಚೂದ್ರಾಗ ಅದು ಮನಿ ಬಿಟ್ಟಿರಬೇಕು, ಅಷ್ಟ. ನಿನಗ ಕೈಕಾಲು ಕೊಟ್ಟಿಲ್ಲೇನು ಶಿವ?"

ಹುಲ್ಗಿ ಬಾವಲಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ನಿಂದು ಹಕ್ಕಿ. ನಂದು ಕೂಸು" ಎಂದಳು. ಅವಳ ಜಡೆ ಎಳೆಯಬೇಕೆಂದುಕೊಂಡೆ. ಹೊತ್ತು ಇಳಿಯುತ್ತಿತ್ತು, ಬಿಟ್ಟೆ.

ಕೈಕಾಲು ಇದ್ದವು. ಬುದ್ಧಿ ಬೇಕಿತ್ತು. ಕೆಳಗೆ ಎಲ್ಲಿಟ್ಟರೂ ಬೆಕ್ಕು. ಮೇಲೆ ಇಡಬೇಕೆಂದರೆ ಗೂಡು ಬೇಕು, ಗೂಡು ಗಾಳಿಗೆ ಹರಿದುಹೋಗಿತ್ತು. ಬಚ್ಚಲ ಹತ್ತಿರ ಅವ್ವನ ಸಿಂಬೆ ಕಂಡಿತು, ತುಂಬಿದ ಕೊಡ ಕೂರಿಸಲು ತಲೆಯ ಮೇಲೆ ಇಟ್ಟುಕೊಳ್ಳುವ ಅರಿವೆಯ ಸುರುಳಿ. ನಡುವೆ ತಗ್ಗು, ಸುತ್ತ ದಿಂಡು. ಇದಕ್ಕಿಂತ ಒಳ್ಳೆಯ ಗೂಡು ಯಾವ ಬುಲಬುಲಿ ಕಟ್ಟೀತು? ಕುಪ್ಪಸದೊಳಗೆ ಮರಿ ಇಟ್ಟುಕೊಂಡು, ಹಲ್ಲಲ್ಲಿ ಸಿಂಬೆ ಕಚ್ಚಿ, ಬೇವಿನ ಮರ ಹತ್ತಿದೆ. ಕವಲಿನಲ್ಲಿ ಸಿಂಬೆ ಇಟ್ಟು ಪುಂಡಿನಾರಿನ ಹಗ್ಗದಿಂದ ಬಿಗಿದು ಮರಿಯನ್ನು ಕೂರಿಸಿದೆ. ಕೆಳಗಿನ ಕೊಂಬೆಗೆ ಇಳಿದು ಬೆಕ್ಕಿಗೆ ಕಾವಲು ಕುಳಿತೆ.

ದೊಡ್ಡ ಬುಲಬುಲಿಗಳು ಎರಡು ಎಲ್ಲಿಂದಲೋ ಬಂದವು. ಮೊದಲು ನನ್ನನ್ನು ಬೈದವು. ಹಾಡುವ ಹಕ್ಕಿ ಬೈಯುವುದನ್ನು ನಾನು ಅಷ್ಟು ಹತ್ತಿರದಿಂದ ಅಂದೇ ಕೇಳಿದ್ದು, ಓಣಿಯ ನಲ್ಲಿಯ ಮುಂದೆ ಈಗಿನವರು ಬೈದಾಡುತ್ತಾರಲ್ಲ, ಹಾಗೆ. ನಾನು ಉಸಿರು ಬಿಡದೆ ಕುಳಿತೆ. ಒಂದು ಹಾರಿಹೋಗಿ ಹಸಿರು ಹುಳ ಕಚ್ಚಿಕೊಂಡು ಬಂದಿತು. ಸಿಂಬೆಯೊಳಗೆ ಸತ್ತಂತೆ ಬಿದ್ದಿದ್ದ ಮರಿ ಬಾಯಿ ತೆರೆಯಿತು, ಗುಳುಂ ಎಂದಿತು, ಮತ್ತೆ ತೆರೆಯಿತು.

ಮೊದಲು ಸಿಟ್ಟು ಬಂತು. ಆಡಿನ ಒದೆ ತಿಂದವಳು ನಾನು. ಆಮೇಲೆ ತಿಳಿಯಿತು. ತಿಳಿದದ್ದೇ ನಗು ಬಂದು ಕೊಂಬೆಯಿಂದ ಬೀಳುವಂತಾಯಿತು.

"ಹುಲ್ಗೀ, ಊಟ ಅದಲಾಬದಲಿ ಆಗ್ಯಾವಲೇ," ಎಂದು ಕೂಗಿದೆ. "ನಿನ್ನ ಮಿಡಚಿ ನಂದು ತಿನ್ನಬೇಕಿತ್ತು, ನನ್ನ ಹಾಲು ನಿಂದು ಕುಡೀಬೇಕಿತ್ತು."

ಹುಲ್ಗಿ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಟ್ಟೆಗೆ ಅಂಟಿದ್ದ ಬಾವಲಿ ಅವಳ ನಗುವಿಗೆ ಕುಲುಕಿ ಕಿರುಚಿತು.

ಹೊತ್ತು ಮುಳುಗುತ್ತಿತ್ತು. ನಾನು ಬೇವಿನಿಂದ ಇಳಿಯುವಾಗ ಹುಣಸೆ ಮರದಿಂದ ಬಾವಲಿಗಳು ಏಳತೊಡಗಿದವು. ಎಲ್ಲವೂ ಮೂಡಲ ದಿಕ್ಕಿಗೆ ಹೋದವು. ಒಂದು ಮಾತ್ರ ಹೋಗಲಿಲ್ಲ. ಮರ ಸುತ್ತಿ ಸುತ್ತಿ ಕೂಗುತ್ತಿತ್ತು. ಹುಲ್ಗಿಯ ಹೊಟ್ಟೆಯ ಮೇಲಿನದು ತಲೆ ಎತ್ತಿ ಅದಕ್ಕೆ ಉತ್ತರ ಕೊಟ್ಟಿತು.

ಹುಲ್ಗಿಯ ನಗು ನಿಂತಿತು. ಸ್ವಲ್ಪ ಹೊತ್ತು ಮೇಲೆ ನೋಡಿದಳು. "ಅದರವ್ವ ಏನಲೇ ಅದು?"

"ಮತ್ತ ಯಾರು? ನೀ ಅಂದ್ಕೊಂಡೀಯೇನು ಅದರವ್ವ ನೀನ ಅಂತ?"

ಗೆದ್ದು ತಂದ ಮರಿ. ಆಯಿಯ ಬಾಯಿಂದಲೇ ಇರಲಿ ಎನಿಸಿಕೊಂಡ ಮರಿ. ಅವಳು ಕೊಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ಅವಳು ಪರಕಾರದಿಂದ ಒಂದೊಂದೇ ಉಗುರು ಬಿಡಿಸಿ, ಮರಿಯನ್ನು ನನ್ನ ಕಡೆ ಚಾಚಿದಳು.

"ಏರು. ಮ್ಯಾಲ ಇಡು."

"ನೀನ ಏರು. ಅನ್ನ ಉಣ್ಣೋರಿಗೆ ಗಿಡ ಏರಾಕ ಬರೂದಿಲ್ಲೇನು?"

"ನಮ್ಮೂರಾಗ ಎಲ್ಲಿ ನೋಡಿದ್ರೂ ಗದ್ದಿ. ಏರಾಕ ಗಿಡ ಎಲ್ಲಿ ಅದಾವ?"

"ರೊಟ್ಟಿ ಮೇಲು ಅನ್ನು, ಏರತೀನಿ."

ಹುಲ್ಗಿ ಹಲ್ಲು ಕಚ್ಚಿದಳು. ಮೇಲೆ ತಾಯಿ ಬಾವಲಿ ಕೂಗುತ್ತಿತ್ತು. "ಬಿಸಿ ರೊಟ್ಟಿ ಮೇಲು" ಎಂದಳು. ಆರಿದ ರೊಟ್ಟಿಗೆ ಅವಳು ಸಾಯುವತನಕ ಒಪ್ಪಲಿಲ್ಲ.

ಹುಣಸೆ ಮರ ಹತ್ತಿ, ಬರೀ ಕೊಂಬೆಗೆ ಮರಿಯ ಕಾಲು ಸಿಕ್ಕಿಸಿದೆ. ತಲೆ ಕೆಳಗೆ. ಈ ಸಲ ಯಾರೂ ಅಂಗಾತ ಮಾಡಲಿಲ್ಲ. ನಾನು ಅರ್ಧ ಇಳಿಯುವಷ್ಟರಲ್ಲಿ ಗಾಳಿ ಬೀಸಿದಂತಾಗಿ ದೊಡ್ಡದು ಬಂದು ಕೊಂಬೆಗೆ ಜೋತಿತು. ಮರಿಯನ್ನು ರೆಕ್ಕೆಯೊಳಗೆ ಎಳೆದುಕೊಂಡು ಮೂತಿಯಿಂದ ಮೂಸಿತು, ನೆಕ್ಕಿತು. ಆಮೇಲೆ ಅದನ್ನು ಎದೆಗೆ ಕಚ್ಚಿಸಿಕೊಂಡು ಹಾರಿತು, ಭಾರಕ್ಕೆ ಸ್ವಲ್ಪ ಕೆಳಗಿಳಿದು, ಮತ್ತೆ ಮೇಲೆದ್ದು. ಹುಲ್ಗಿ ಕುಣಿದಳು, ನಾನೂ ಕುಣಿದೆ. ಆಯಿ ಹಿತ್ತಲ ಬಾಗಿಲಲ್ಲಿ ನಿಂತು, "ಖೋಡಿಗೋಳ್ರ್ಯಾ, ಬರ್ರಿ ಉಣ್ಣಾಕ. ಬಿಸಿ ರೊಟ್ಟಿ ಮಾಡೀನಿ" ಎಂದಳು. ಎಲ್ಲ ಕೇಳಿಸಿಕೊಂಡಿದ್ದಳು ಮುದುಕಿ.

ಆ ಕೂಸು ಉಳಿಯಿತು. ಈಗ ಅವನೂ ಮುದುಕ. ನೌಕರಿ ಮುಗಿಸಿ ಲಿಂಗಸೂಗೂರಿನಲ್ಲಿ ಮನೆ ಕಟ್ಟಿದ್ದಾನೆ. ಬಾವಲಿ ನಿನ್ನ ಹಾಲಿನ ಅಣ್ಣ ಎಂದರೆ ಈಗಲೂ ಸಿಟ್ಟಾಗುತ್ತಾನೆ. ಆಯಿ ಹೋದಳು, ಅತ್ತೆ ಹೋದಳು, ಹುಲ್ಗಿಯೂ ಹೋದಳು. ಮನುಷ್ಯರು ಹೋಗುವುದು ಇದ್ದದ್ದೇ. ಹುಣಸೆ ಮರ ಹೋಗಬೇಕಿರಲಿಲ್ಲ. ರಸ್ತೆ ಅಗಲ ಮಾಡಿದಾಗ ಹೋಯಿತು. ಬಾರಿಕಂಟಿ ಇದ್ದಲ್ಲಿ ಈಗ ಸಿಮೆಂಟಿನ ಕಟ್ಟೆ. ಮೊನ್ನೆ ಮೊಮ್ಮಗಳ ಕೂಸಿನ ಅರಿವೆಗಳು ದೀಪ ಹಚ್ಚಿದ ಮೇಲೂ ಮಾಳಿಗೆಯ ಮೇಲೆ ಒಣಗುತ್ತಿದ್ದವು. ತೆಗೆಯಬೇಕೆಂದು ಹೋದವಳು ತಲೆ ಎತ್ತಿ ನೋಡಿ ಸುಮ್ಮನೆ ಬಂದೆ. ನೆರಳು ಬೀಳಬೇಕಾದರೆ ಮೇಲೆ ಏನಾದರೂ ಹಾರಬೇಕಲ್ಲ.

ಆವತ್ತಿನ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅವ್ವನ ಬೈಗುಳ. ಸಿಂಬೆ ಕಾಣದೆ ಬಚ್ಚಲ ಮುಂದೆ ಕೊಡ ಹಿಡಿದು ನಿಂತಿದ್ದಳು. ನಾನು ಹೋಗಿ ಬೇವಿನ ಮರ ಹತ್ತಿದೆ. ಸಿಂಬೆ ಬರಿದಾಗಿತ್ತು. ತಲೆ ಎತ್ತಿದರೆ ಮರಿ ಮೇಲಿನ ಕೊಂಬೆಯಲ್ಲಿ ಕುಳಿತು, ತಾಯಿಯ ಕಡೆ ಬಾಯಿ ತೆರೆದು ಕಿರುಚುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ. ಹಗ್ಗ ಬಿಚ್ಚಿ, ಹಿಕ್ಕೆ ಕೊಡವಿ, ಸಿಂಬೆಯನ್ನು ನನ್ನ ತಲೆಗೇ ಇಟ್ಟುಕೊಂಡು, ಅವ್ವನ ಕೈಯಿಂದ ಕೊಡ ಇಸಿದುಕೊಂಡು ನೀರಿಗೆ ಹೋದೆ.